‘ಗಾರ್ಬಲ್’ ಅಂದ್ರೆ ಹಸನು ಮಾಡೋದಾ, ಕೆಡಿಸೋದಾ? ಮೆಣಸಿನ ಕೈಪಿಡಿಗೆ ಸರಿಯಾದ ಪದ ಬೇಕು

ಶೈಲಜಾ, ಹಾಸನ

ಎಲ್ಲರಿಗೂ ನಮಸ್ಕಾರ. ಕಾಳುಮೆಣಸು ಬೆಳೆಗಾರರ ಸಂಘವೊಂದಕ್ಕೆ ಕೊಯ್ಲಿನ ನಂತರದ ಕೆಲಸಗಳ ಬಗ್ಗೆ ಕೈಪಿಡಿಯೊಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ಕೊಯ್ಯುವುದು, ಗೊಂಚಲಿನಿಂದ ಕಾಳು ಬಿಡಿಸುವುದು, ಬಿಸಿನೀರಿನಲ್ಲಿ ಅದ್ದುವುದು, ಒಣಗಿಸುವುದು, ಇಷ್ಟೆಲ್ಲ ಸಲೀಸಾಗಿ ಬಂತು. ‘ಗಾರ್ಬಲ್ಡ್’, ‘ಅನ್‌ಗಾರ್ಬಲ್ಡ್’ ಎಂಬ ಎರಡು ಪದ ಬಂದಲ್ಲಿ ಕೆಲಸ ನಿಂತಿದೆ.

ನನ್ನ ಹತ್ತಿರ ಇರುವ ಇಂಗ್ಲಿಷ್–ಕನ್ನಡ ನಿಘಂಟಿನಲ್ಲಿ ‘ಗಾರ್ಬಲ್’ ಕ್ರಿಯಾಪದಕ್ಕೆ ತಿರುಚು, ವಿಕೃತಗೊಳಿಸು ಎಂಬ ಅರ್ಥಗಳು ಮೊದಲು ಕಾಣುತ್ತವೆ. ಕಂಪ್ಯೂಟರ್ ಅನುವಾದಕ್ಕೆ ಹಾಕಿದರೂ ಅದೇ ದಾರಿ. ಆದರೆ ಕೈಪಿಡಿಯ ಪ್ರಕಾರ ಗಾರ್ಬಲ್ಡ್ ಮೆಣಸಿಗೆ ಬೆಲೆ ಹೆಚ್ಚು, ಅನ್‌ಗಾರ್ಬಲ್ಡ್‌ಗೆ ಕಡಿಮೆ. ನಿಘಂಟು ನಂಬಿ ಬರೆದರೆ ಕೆಡಿಸಿದ ಮೆಣಸಿಗೇ ಹೆಚ್ಚು ದುಡ್ಡು ಎಂದು ರೈತರಿಗೆ ಹೇಳಿದಂತಾಗುತ್ತದೆ. ಸಂದರ್ಭದಿಂದ ಅರ್ಥ ಊಹಿಸಬಲ್ಲೆ. ಆದರೆ ಊಹೆಯ ಮೇಲೆ ಅಚ್ಚು ಹಾಕಿಸಲು ಮನಸ್ಸಿಲ್ಲ. ಮೆಣಸು ಬೆಳೆಯುವವರು, ಮಾರುವವರು, ಇಂಗ್ಲಿಷ್ ಬಲ್ಲವರು ದಯವಿಟ್ಟು ಹೇಳಿ.

ಪೊನ್ನಂಪೇಟೆ ತೋಟ

ಮೇಡಂ, ಗಾರ್ಬಲ್ ಅಂದ್ರೆ ನಮ್ಮ ಕಡೆ ಕ್ಲೀನ್ ಮಾಡೋದು. ಅನುಮಾನವೇ ಬೇಡ.

ಮೆಣಸು ಒಣಗಿದ ಮೇಲೆ ಕಣದಲ್ಲಿ ಏನೇನು ಇರ್ತದೆ ನೋಡಿ. ಗೊಂಚಲಿನ ಕಡ್ಡಿ, ಎಲೆಚೂರು, ಮಣ್ಣು, ಸಣ್ಣ ಕಲ್ಲು, ಒಳಗೆ ತಿರುಳೇ ಇಲ್ಲದ ಜೊಳ್ಳು, ಬೆಳೆಯದೆ ಉಳಿದ ಪುಡಿಕಾಳು. ಇದನ್ನೆಲ್ಲ ತೆಗೆದು ಗಟ್ಟಿಕಾಳು ಮಾತ್ರ ಉಳಿಸಿದ್ದು ಗಾರ್ಬಲ್ಡ್. ಕಣದಿಂದ ಬಳಿದು ಹಾಗೇ ಚೀಲಕ್ಕೆ ತುಂಬಿದ್ದು ಅನ್‌ಗಾರ್ಬಲ್ಡ್. ಸಣ್ಣ ಬೆಳೆಗಾರರು ಹೆಚ್ಚಿನವರು ಅನ್‌ಗಾರ್ಬಲ್ಡ್ ಆಗಿಯೇ ಕೊಟ್ಟುಬಿಡ್ತೇವೆ. ಕೊಚ್ಚಿ ದರಪಟ್ಟಿಯಲ್ಲಿ ಎರಡಕ್ಕೂ ಬೇರೆ ಬೇರೆ ಸಾಲು. ವ್ಯತ್ಯಾಸ ಸಾಮಾನ್ಯವಾಗಿ ಕಿಲೋಗೆ ಇಪ್ಪತ್ತು ರೂಪಾಯಿ ಆಸುಪಾಸು. ವಾಟ್ಸಾಪಿನಲ್ಲಿ ರೇಟು ಬಂದಾಗ ಯಾವ ಸಾಲು ಓದ್ತಾ ಇದ್ದೀವಿ ಅಂತ ಗೊತ್ತಿಲ್ಲದಿದ್ರೆ ವ್ಯಾಪಾರಿ ಹತ್ತಿರ ಸುಮ್ಮನೆ ಜಗಳ ಆಗ್ತದೆ. ‘ಪಟ್ಟಿಯಲ್ಲಿ ಇಷ್ಟಿದೆ, ನೀವು ಕಡಿಮೆ ಕೊಡ್ತಿದ್ದೀರಿ’ ಅಂತ ಹೊಸಬರು ಕೇಳೋದು ಇದೇ ಕಾರಣಕ್ಕೆ.

ಹಾಗಾಗಿ ಈ ಪದ ನಿಮ್ಮ ಕೈಪಿಡಿಯಲ್ಲಿ ತಪ್ಪಬಾರದು.

ಕಿರಣ್, ಬೆಂಗಳೂರು

ಆಶ್ಚರ್ಯ ಆಯ್ತು. ನಮ್ಮ ಆಫೀಸಿನಲ್ಲಿ ದಿನಾ ಬಳಸೋ ಪದ ಇದು, ಪೂರ್ತಿ ಉಲ್ಟಾ ಅರ್ಥದಲ್ಲಿ. ‘ನಿಮ್ಮ ಆಡಿಯೋ ಗಾರ್ಬಲ್ ಆಗ್ತಿದೆ’ ಅಂದ್ರೆ ಮಾತು ಒಡೆದೊಡೆದು ಬರ್ತಿದೆ, ಅರ್ಥ ಆಗ್ತಿಲ್ಲ ಅಂತ. ‘ಅನ್‌ಗಾರ್ಬಲ್ಡ್ ಮೆಸೇಜ್’ ಅಂದ್ರೆ ಸ್ಪಷ್ಟವಾಗಿರೋದು. ಮೆಣಸಿನಲ್ಲಿ ‘ಅನ್’ ಸೇರಿದ್ರೆ ಕಸ ಇದೆ ಅಂತ, ಸಂದೇಶದಲ್ಲಿ ‘ಅನ್’ ಸೇರಿದ್ರೆ ಕಸ ಇಲ್ಲ ಅಂತ. ಎರಡೂ ಒಂದೇ ಪದವಾ, ಅಥವಾ ಕೇಳೋಕೆ ಮಾತ್ರ ಒಂದೇ ಥರ ಇರೋ ಎರಡು ಪದಗಳಾ?

ಇಂಗ್ಲಿಷ್ ಮೇಷ್ಟ್ರು, ಮೈಸೂರು

ಒಂದೇ ಪದ, ಕಿರಣ್. ಇದರ ಪ್ರಯಾಣ ಮೆಣಸಿನ ಜೊತೆಗೇ ಆಗಿರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಅರಬ್ಬಿಯಲ್ಲಿ ‘ಘರ್ಬಲ’ ಅಂದರೆ ಜರಡಿ ಹಿಡಿ. ಜರಡಿಗೆ ‘ಘಿರ್ಬಾಲ್’. ಅಲ್ಲಿಂದ ಮೆಡಿಟರೇನಿಯನ್ ಬಂದರುಗಳ ವರ್ತಕರ ಬಾಯಿಗೆ ಬಂದು ಇಟಾಲಿಯನ್ನಿನಲ್ಲಿ ‘ಗಾರ್ಬೆಲ್ಲಾರೆ’ ಆಯಿತು. 15ನೇ ಶತಮಾನದ ಹೊತ್ತಿಗೆ ಇಂಗ್ಲಿಷಿನಲ್ಲಿ ‘ಗಾರ್ಬಲ್’. ಅರಬ್ಬಿ ಪದವೇ ಲ್ಯಾಟಿನ್ನಿನ ‘ಕ್ರಿಬೆಲ್ಲಾರೆ’ಯಿಂದ ಬಂದಿರಬಹುದು ಎಂದು ಹಲವು ನಿಘಂಟುಗಳು ಹೇಳುತ್ತವೆ. ಅದಕ್ಕೂ ಜರಡಿ ಹಿಡಿ ಎಂದೇ ಅರ್ಥ.

ಇಂಗ್ಲೆಂಡಿನಲ್ಲಿ ಇದು ಮೊದಲು ಸಾಂಬಾರ ಪದಾರ್ಥಗಳ ಪದ. ಲಂಡನ್ನಿನಲ್ಲಿ ಮೆಣಸಿನ ವರ್ತಕರದೇ ಕೂಟವಿತ್ತು, ಅವರನ್ನು ‘ಪೆಪ್ಪರರ್ಸ್’ ಎನ್ನುತ್ತಿದ್ದರು. 1345ರಲ್ಲಿ ಅವರಲ್ಲಿ ಕೆಲವರು ಕಟ್ಟಿದ ಸಂಘವೇ ಮುಂದೆ ಗ್ರೋಸರ್ಸ್ ಕಂಪನಿಯಾಯಿತು. ಆಮದಾದ ಮೆಣಸು, ಶುಂಠಿ, ಲವಂಗ, ಔಷಧಿ ಬೇರುಗಳನ್ನು ಹಸನು ಮಾಡಿ ನೋಡುವ ಕೆಲಸ ಅವರ ಕೈಯಲ್ಲಿತ್ತು. ‘ಗಾರ್ಬ್ಲರ್’ ಎಂಬ ಅಧಿಕಾರಿಯೇ ಇದ್ದ. ಯಾವ ಅಂಗಡಿಗಾದರೂ, ಯಾವ ಉಗ್ರಾಣಕ್ಕಾದರೂ ಹೋಗಿ ಸರಕನ್ನು ಪರೀಕ್ಷಿಸಿ, ಕಸ ತೆಗೆಸುವ ಹಕ್ಕು ಅವನಿಗಿತ್ತು. ಒಂದನೇ ಜೇಮ್ಸ್ ದೊರೆಯ ಆಳ್ವಿಕೆಯ ಆರಂಭದಲ್ಲಿ, 1604ರಲ್ಲಿ, ಸಾಂಬಾರ ಪದಾರ್ಥಗಳ ಸರಿಯಾದ ಗಾರ್ಬ್ಲಿಂಗ್‌ಗೆಂದೇ ಪಾರ್ಲಿಮೆಂಟು ಕಾಯ್ದೆ ಮಾಡಿತು. ರಾಣಿ ಆ್ಯನ್ ಕಾಲದ 1707ರ ಕಾಯ್ದೆ ಅದನ್ನು ರದ್ದು ಮಾಡಿತು. ಹೋದ ಆದಾಯಕ್ಕೆ ಬದಲಾಗಿ ದಲ್ಲಾಳಿಗಳಿಗೆ ಪರವಾನಗಿ ಕೊಡುವ ಹಕ್ಕು ಲಂಡನ್ ನಗರಕ್ಕೆ ಸಿಕ್ಕಿತು.

1755ರ ಸ್ಯಾಮುಯೆಲ್ ಜಾನ್ಸನ್ ನಿಘಂಟಿನಲ್ಲೂ ಗಾರ್ಬಲ್ ಎಂದರೆ ಜರಡಿ ಹಿಡಿ, ಒಳ್ಳೆಯದನ್ನು ಕೆಟ್ಟದ್ದರಿಂದ ಬೇರೆಮಾಡು ಎಂದೇ ಇದೆ. ಶೈಲಜಾ ಅವರೇ, ನಿಮ್ಮ ಕೈಪಿಡಿಗೆ ಬೇಕಾದ ಅರ್ಥ ಅದೇ.

ಇನ್ನು ಅರ್ಥ ತಿರುಗಿದ್ದು ಹೇಗೆ ಎಂಬುದು. ಬೇರೆಮಾಡುವುದು ಎಂದರೆ ಆರಿಸಿಕೊಳ್ಳುವುದು ತಾನೇ? ಒಬ್ಬರ ಭಾಷಣದಿಂದ, ಪತ್ರದಿಂದ, ಸಾಕ್ಷಿಯ ಹೇಳಿಕೆಯಿಂದ ತನಗೆ ಬೇಕಾದ ಮಾತನ್ನಷ್ಟೇ ಆರಿಸಿ, ಉಳಿದದ್ದನ್ನು ಬಿಟ್ಟು ತೋರಿಸುವುದಕ್ಕೂ 17ನೇ ಶತಮಾನದಲ್ಲಿ ಇದೇ ಪದ ಬಳಸತೊಡಗಿದರು. ಆರಿಸುವ ಕೆಲಸ ಅದೇ, ಉದ್ದೇಶ ಬೇರೆ. ಹಾಗೆ ಆರಿಸಿದಾಗ ಮೂಲ ಮಾತು ವಿರೂಪವಾಗುತ್ತದೆ. ಬರಬರುತ್ತಾ ಆರಿಸುವಿಕೆ ಮರೆಯಾಗಿ ವಿರೂಪ ಮಾತ್ರ ಉಳಿಯಿತು. ತಂತಿ, ರೇಡಿಯೋ ಬಂದ ಮೇಲೆ ಯಾರ ದುರುದ್ದೇಶವೂ ಇಲ್ಲದೆ ದಾರಿಯಲ್ಲಿ ಕೆಟ್ಟುಹೋದ ಸಂದೇಶವೂ ಗಾರ್ಬಲ್ಡ್ ಆಯಿತು. ಕಿರಣ್ ಆಫೀಸಿನ ಅರ್ಥ ಇದು.

ಈ ತಿರುವಿನ ನಡುವೆ ನಿಂತ ಬಳಕೆಯೊಂದಿದೆ. ಚಿನ್ನ ಬೆಳ್ಳಿಯ ನಾಣ್ಯ ಚಲಾವಣೆಯಲ್ಲಿದ್ದಾಗ ಕೆಲವರು ತಮ್ಮ ಕೈಗೆ ಬಂದ ನಾಣ್ಯಗಳಲ್ಲಿ ಸವೆಯದ, ಪೂರ್ಣ ತೂಕದವನ್ನು ಹೆಕ್ಕಿ ಕರಗಿಸಲೋ ಹೊರದೇಶಕ್ಕೆ ಕಳಿಸಲೋ ಇಟ್ಟುಕೊಂಡು, ಸವೆದವನ್ನು ಮತ್ತೆ ಪೇಟೆಗೆ ಬಿಡುತ್ತಿದ್ದರು. ಇದಕ್ಕೂ ನಾಣ್ಯ ‘ಗಾರ್ಬಲ್’ ಮಾಡುವುದು ಎಂದೇ ಹೆಸರು. ಹೆಕ್ಕಿದವನ ಪೆಟ್ಟಿಗೆಯಲ್ಲಿ ಹಸನಾದದ್ದು, ಪೇಟೆಯಲ್ಲಿ ಉಳಿದದ್ದು ಕಳಪೆ. ಒಂದೇ ಕೆಲಸದ ಎರಡೂ ಫಲ ಇಲ್ಲಿ ಒಟ್ಟಿಗೆ ಕಾಣುತ್ತವೆ.

ಅಬ್ದುಲ್ ಖಾದರ್, ಮಸ್ಕತ್

ಮೇಷ್ಟ್ರು ಹೇಳಿದ ‘ಘಿರ್ಬಾಲ್’ ಇಂದಿಗೂ ಅರಬ್ಬಿಯಲ್ಲಿ ಜೀವಂತ. ಊರು ಉಡುಪಿ ಕಡೆ, ಇಲ್ಲಿ ಕಿರಾಣಿ ಸಗಟು ಅಂಗಡಿಯಲ್ಲಿ ಕೆಲಸ. ಈಜಿಪ್ಟಿನ ಸಹೋದ್ಯೋಗಿ ಒಬ್ಬರು ಹೇಳಿದ್ದು: ಅವರಲ್ಲಿ ಮಗು ಹುಟ್ಟಿದ ಏಳನೇ ದಿನ ಶಾಸ್ತ್ರವಿದೆ, ‘ಸುಬೂʼ’ ಅಂತ. ಮಗುವನ್ನು ದೊಡ್ಡ ಜರಡಿಯಲ್ಲಿ ಮಲಗಿಸಿ ಮೆಲ್ಲಗೆ ಅಲ್ಲಾಡಿಸುತ್ತಾರೆ. ನಮ್ಮ ಊರುಗಳಲ್ಲಿ ಮಗುವನ್ನು ಮೊರದಲ್ಲಿ ಮಲಗಿಸುವುದು ನೆನಪಾಯಿತು. ವಿಷಯಕ್ಕೆ ಸ್ವಲ್ಪ ಹೊರಗಿನದು, ಆದರೂ ಹೇಳಬೇಕು ಅನ್ನಿಸಿತು.

ಬಂದರು ವ್ಯಾಪಾರಿ, ಮಂಗಳೂರು

ನಮ್ಮದು ತಲೆಮಾರಿನಿಂದ ಒಳ್ಳೆಮೆಣಸಿನ ವ್ಯಾಪಾರ. ಮೇಷ್ಟ್ರು ಬರೆದದ್ದು ಓದಿ ಖುಷಿಯಾಯಿತು. ಇಂಗ್ಲಿಷ್ ನಿಘಂಟುಗಳಲ್ಲಿ ಈ ಹಳೆಯ ಅರ್ಥಕ್ಕೆ ‘ಬಳಕೆ ತಪ್ಪಿದ್ದು’ ಎಂಬ ಗುರುತು ಹಾಕುವುದುಂಟು. ಬಳಕೆ ಎಲ್ಲಿ ತಪ್ಪಿದೆ ಮಾರಾಯ್ರೇ? ನಮ್ಮ ಗೋಡೌನಿನಲ್ಲಿ ಚೀಲದ ಮೇಲೆ ದಿನಾ ಬರೆಯುವ ಪದ ಅದು.

ಭಾರತ ಸರ್ಕಾರದ ಆಗ್‌ಮಾರ್ಕ್ ದರ್ಜೆಗಳಲ್ಲೇ ಇದೆ. ಆಗ್‌ಮಾರ್ಕ್‌ಗೆ ಆಧಾರ 1937ರ ಕೃಷಿ ಉತ್ಪನ್ನಗಳ ದರ್ಜೆ ಮತ್ತು ಗುರುತು ಕಾಯ್ದೆ. ಅದರಡಿ ಕರಿಮೆಣಸಿನ ದರ್ಜೆಯ ಹೆಸರುಗಳು ಹೀಗೆ: ‘ಮಲಬಾರ್ ಗಾರ್ಬಲ್ಡ್’, ವ್ಯಾಪಾರದಲ್ಲಿ ಎಂಜಿ-1 ಅಂತ ಕರೆಯುವುದು ಇದನ್ನೇ. ‘ತೆಲಿಚೇರಿ ಗಾರ್ಬಲ್ಡ್’. ಅದರ ಮೇಲೆ ‘ತೆಲಿಚೇರಿ ಗಾರ್ಬಲ್ಡ್ ಎಕ್ಸ್‌ಟ್ರಾ ಬೋಲ್ಡ್’, ಎಲ್ಲಕ್ಕಿಂತ ಮೇಲೆ ‘ತೆಲಿಚೇರಿ ಗಾರ್ಬಲ್ಡ್ ಸ್ಪೆಷಲ್ ಎಕ್ಸ್‌ಟ್ರಾ ಬೋಲ್ಡ್’. ‘ಮಲಬಾರ್ ಅನ್‌ಗಾರ್ಬಲ್ಡ್’ ಅಂತಲೂ ದರ್ಜೆ ಉಂಟು. ಜೊಳ್ಳಿಗೇ ಬೇರೆ ದರ್ಜೆ, ಪುಡಿಕಾಳಿಗೆ ‘ಪಿನ್‌ಹೆಡ್’ ಅಂತ ಬೇರೆ. ಅಂದರೆ ಗಾರ್ಬಲ್ ಮಾಡುವಾಗ ತೆಗೆದದ್ದು ಕೂಡ ಬಿಸಾಡುವ ವಸ್ತುವಲ್ಲ, ಎಣ್ಣೆ ತೆಗೆಯುವವರು, ಪುಡಿ ಮಾಡುವವರು ಕೊಳ್ಳುತ್ತಾರೆ.

ಎಂಜಿ-1 ಅಂದರೆ ಕಡ್ಡಿ ಮಣ್ಣು ಮುಂತಾದ ಹೊರವಸ್ತು ನೂರಕ್ಕೆ ಅರ್ಧಕ್ಕಿಂತ ಹೆಚ್ಚಿರಬಾರದು, ಜೊಳ್ಳು ಎರಡಕ್ಕಿಂತ ಹೆಚ್ಚಿರಬಾರದು, ತೇವ ಹನ್ನೊಂದು ದಾಟಬಾರದು. ಜೊಳ್ಳು ನೋಡುವುದು ಹೇಗೆ ಗೊತ್ತಾ? ಲ್ಯಾಬಿನಲ್ಲಿ ತೂಕ ಮಾಡಿದ ಮೆಣಸನ್ನು ಸ್ಪಿರಿಟ್ಟಿಗೆ ಹಾಕುತ್ತಾರೆ, ನೀರಿಗಲ್ಲ. ಸ್ಪಿರಿಟ್ ನೀರಿಗಿಂತ ಹಗುರ, ಸಾಂದ್ರತೆ 0.80ರಿಂದ 0.82. ಗಟ್ಟಿಕಾಳು ತಳಕ್ಕೆ ಕೂರುತ್ತದೆ, ಜೊಳ್ಳು ತೇಲುತ್ತದೆ. ತೇಲಿದ್ದನ್ನು ತೆಗೆದು, ಒಣಗಿಸಿ, ತೂಗಿದರೆ ಲೆಕ್ಕ ಸಿಕ್ಕಿತು. ನಾವು ಅಂಗಡಿಯಲ್ಲಿ ಕೊಳ್ಳುವಾಗ ಲೀಟರ್ ತೂಕ ನೋಡುತ್ತೇವೆ. ಒಂದು ಲೀಟರ್ ಅಳತೆಗೆ ಮೆಣಸು ತುಂಬಿ, ಮೇಲೆ ಕೋಲಾಡಿಸಿ ಸಮ ಮಾಡಿ ತೂಗುವುದು. ಐನೂರೈವತ್ತು ಗ್ರಾಂ ಬಂದರೆ ಒಳ್ಳೆಯ ಮಾಲು. ಐನೂರಕ್ಕಿಂತ ಕೆಳಗೆ ಇಳಿದರೆ ಒಳಗೆ ಜೊಳ್ಳು ಜಾಸ್ತಿ ಅಂತ ಲೆಕ್ಕ.

ಶೈಲಜಾ, ಹಾಸನ

ಬಹಳ ಉಪಕಾರವಾಯಿತು. ಒಂದು ಸಂದೇಹ: ‘ಬೋಲ್ಡ್’ ಅಂದರೆ ಗಾತ್ರ. ಗಾತ್ರದ ಪ್ರಕಾರ ವಿಂಗಡಿಸುವುದೂ ಗಾರ್ಬ್ಲಿಂಗ್‌ನ ಭಾಗವೇ? ಕೈಪಿಡಿಯಲ್ಲಿ ‘ಕ್ಲೀನಿಂಗ್’, ‘ಗಾರ್ಬ್ಲಿಂಗ್’, ‘ಗ್ರೇಡಿಂಗ್’ ಮೂರೂ ಅಕ್ಕಪಕ್ಕ ಬರುತ್ತವೆ. ಮೂರಕ್ಕೂ ‘ವಿಂಗಡಣೆ’ ಅಂತ ಬರೆಯುವಂತಿಲ್ಲ.

ಬಂದರು ವ್ಯಾಪಾರಿ, ಮಂಗಳೂರು

ಬೇರೆ ಬೇರೆ. ಗಾರ್ಬಲ್ ಮಾಡುವುದು ಬೇಡದ್ದನ್ನು ತೆಗೆಯುವುದು. ಗ್ರೇಡ್ ಮಾಡುವುದು ಒಳ್ಳೆಯದನ್ನೇ ಗಾತ್ರಕ್ಕೆ ತಕ್ಕಂತೆ ಭಾಗ ಮಾಡುವುದು. ಜರಡಿಯ ತೂತು ಸುಮಾರು 4.25 ಮಿಲಿಮೀಟರ್ ಇದ್ದು ಅದರ ಮೇಲೆ ನಿಂತರೆ ಎಕ್ಸ್‌ಟ್ರಾ ಬೋಲ್ಡ್, 4.75ರ ಮೇಲೆ ನಿಂತರೆ ಸ್ಪೆಷಲ್ ಎಕ್ಸ್‌ಟ್ರಾ ಬೋಲ್ಡ್. ಎಂಜಿ-1ರಲ್ಲಿ ಇಂಥ ಗಾತ್ರದ ವಿಂಗಡಣೆ ಇಲ್ಲ, ಶುದ್ಧವಾಗಿದ್ದರೆ ಸಾಕು. ಕೊಡಗು, ಚಿಕ್ಕಮಗಳೂರು ಕಡೆಯ ದಪ್ಪ ಕಾಳಿನಲ್ಲಿ ಬೋಲ್ಡ್ ಚೆನ್ನಾಗಿ ಸಿಗುತ್ತದೆ. ‘ತೆಲಿಚೇರಿ’ ಈಗ ಊರಿನ ಹೆಸರಿಗಿಂತ ಗಾತ್ರದ ಹೆಸರು. ಇವತ್ತು ದೇಶದಲ್ಲಿ ಹೆಚ್ಚು ಮೆಣಸು ಬೆಳೆಯುವುದು ಕರ್ನಾಟಕ, ಹಾಗಾಗಿ ತೆಲಿಚೇರಿ ಅಂತ ಹೋಗುವ ಎಷ್ಟೋ ಮಾಲು ನಮ್ಮ ಘಟ್ಟದ್ದು.

ಪೊನ್ನಂಪೇಟೆ ತೋಟ

ಆ ಹೆಸರಿನ ವಿಷಯ ನಮಗೆ ಹೊಟ್ಟೆಗೆ ತಾಗೋ ವಿಷಯ, ಇನ್ನೊಂದು ಸಲ ಮಾತಾಡೋಣ.

ಕೈಪಿಡಿಗೆ ಇದನ್ನೂ ಸೇರಿಸಿ ಮೇಡಂ. ಒಣಗದ ಮೆಣಸನ್ನು ಗಾರ್ಬಲ್ ಮಾಡೋದು ವ್ಯರ್ಥ. ಹಸಿ ಇದ್ರೆ ಜೊಳ್ಳಿಗೂ ಭಾರ ಇರ್ತದೆ, ಗಾಳಿಗೆ ಹಾರೋದಿಲ್ಲ. ಹಲ್ಲಿನಲ್ಲಿ ಕಚ್ಚಿದ್ರೆ ಟಕ್ ಅಂತ ಒಡೀಬೇಕು, ಕೈಯಾಡಿಸಿದ್ರೆ ಗಲಗಲ ಅನ್ನಬೇಕು, ಆಮೇಲೆ ತೂರಬೇಕು.

ಮಂಜುಳಾ, ಹುಣಸೂರು

ನೀವೆಲ್ಲ ಮೆಣಸಿನ ಬಗ್ಗೆ ಹೇಳ್ತಿದ್ದೀರಿ. ಈ ಪದ ನಾನು ಮೊದಲು ಕೇಳಿದ್ದು ಕಾಫಿಯಲ್ಲಿ. ನಮ್ಮಮ್ಮ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದ್ರೆ ಕಾಫಿ ಬೀಜದ ಸಿಪ್ಪೆ ತೆಗೆದು ಹದ ಮಾಡೋ ಕಾರ್ಖಾನೆಯಲ್ಲಿ, ‘ಗಾರ್ಬ್ಲಿಂಗ್‌’ಗೆ ಹೋಗ್ತಿದ್ರು. ನಮ್ಮ ಬೀದಿಯ ಎಷ್ಟೋ ಹೆಂಗಸರು ಹೋಗ್ತಿದ್ರು. ಅವರ್ಯಾರಿಗೂ ಇಂಗ್ಲಿಷ್ ಓದೋಕೆ ಬರ್ತಿರಲಿಲ್ಲ, ಆದ್ರೆ ಆ ಪದ ಅವರ ಬಾಯಲ್ಲಿ ಅಕ್ಕಿ, ಬೇಳೆ ಅನ್ನೋಷ್ಟೇ ಸಲೀಸು.

ರಜೆಯಲ್ಲಿ ಊಟ ಕೊಡೋಕೆ ಹೋದಾಗ ನೋಡಿದ್ದೀನಿ. ಉದ್ದನೆಯ ಶೆಡ್ಡು, ಒಂದು ಕಡೆ ಪೂರ್ತಿ ಕಿಟಕಿ, ಬೆಳಕು ಬೀಳೋ ಹಾಗೆ ಹೆಂಗಸರು ಸಾಲಾಗಿ ಕೂತಿರ್ತಿದ್ರು. ಮುಂದೆ ಬೀಜದ ರಾಶಿ. ಬಲಗೈ ಬೆರಳುಗಳಿಂದ ಒಂದು ಹಿಡಿಯಷ್ಟನ್ನ ತೆಳ್ಳಗೆ ಹರಡಿ, ನೋಡಿ, ಕಪ್ಪು ಬೀಜ, ಕಂದು ಬೀಜ, ಚೂರು, ಹುಳು ತಿಂದು ತೂತಾದದ್ದು, ಬಿಳಿಚಿದ್ದು, ಸಿಪ್ಪೆ ಬಿಡದೆ ಉಳಿದದ್ದು, ಎಲ್ಲವನ್ನೂ ಎಡಗಡೆಗೆ. ಒಳ್ಳೆಯದು ಮಡಿಲ ಕಡೆಗೆ. ಬೆರಳು ಓಡೋ ವೇಗಕ್ಕೆ ನನ್ನ ಕಣ್ಣು ಓಡ್ತಿರಲಿಲ್ಲ. ಮಾತು ನಡೀತಾನೇ ಇರೋದು, ಮದುವೆ ವಿಷಯ, ಸಾಲದ ವಿಷಯ, ಆದ್ರೆ ಕಣ್ಣು ಬೀಜ ಬಿಟ್ಟು ಕದಲ್ತಿರಲಿಲ್ಲ. ಸಾಯಂಕಾಲ ಮೇಲ್ವಿಚಾರಕರು ಒಂದು ಬೊಗಸೆ ತೆಗೆದು ನೋಡೋರು. ಕಪ್ಪು ಕಂಡ್ರೆ ಮತ್ತೆ ಮೊದಲಿಂದ.

ಅಮ್ಮನಿಗೆ ಆಮೇಲೆ ಕಣ್ಣು ಮಂಜಾಯ್ತು, ಸೊಂಟ ಹಿಡೀತು. ಆ ಕೆಲಸಕ್ಕೆ ಸಿಗ್ತಿದ್ದ ಕೂಲಿ ಆ ಕೆಲಸದ ಬೆಲೆಗೆ ಸಮ ಇರಲಿಲ್ಲ, ಇದನ್ನ ನಾನು ಯಾವತ್ತಿಗೂ ಹೇಳ್ತೀನಿ. ಒಂದು ಕಪ್ಪು ಬೀಜ ಉಳಿದ್ರೆ ಬಟ್ಟಲು ಕಾಫಿಯ ರುಚಿ ಕೆಡುತ್ತೆ ಅಂತಾರಲ್ಲ, ಅದನ್ನ ತಡೆದದ್ದು ಆ ಬೆರಳುಗಳು. ಪುಸ್ತಕದಲ್ಲಿ ಈ ಪದಕ್ಕೆ ಅರ್ಥ ಬರೆಯುವಾಗ ‘ಕೈಯಿಂದ ಆರಿಸುವುದು’ ಅನ್ನೋದು ಬರಲಿ ಅಂತ ನನ್ನ ಆಸೆ. ಅಮ್ಮ ಮನೆಯಲ್ಲಿ ಕನ್ನಡದಲ್ಲಿ ಹೇಳ್ತಿದ್ದದ್ದು ‘ಬೀಜ ಆರಿಸೋಕೆ ಹೋಗ್ತೀನಿ’ ಅಂತ.

ನಿವೃತ್ತ, ಚಿಕ್ಕಮಗಳೂರು

ಮಂಜುಳಮ್ಮ ಹೇಳಿದ್ದು ಅಕ್ಷರಶಃ ನಿಜ. ಕ್ಯೂರಿಂಗ್‌ನಲ್ಲೇ ಕೆಲಸ ಮಾಡಿ ನಿವೃತ್ತನಾದವನು ನಾನು.

ಕ್ರಮ ಹೀಗೆ: ತೋಟದಿಂದ ಪಾರ್ಚ್‌ಮೆಂಟೋ (ತಿರುಳು ತೆಗೆದು ಒಳಸಿಪ್ಪೆ ಸಮೇತ ಒಣಗಿಸಿದ ಬೀಜ) ಚೆರ್ರಿಯೋ (ಇಡೀ ಹಣ್ಣನ್ನೇ ಒಣಗಿಸಿದ್ದು) ಬರುತ್ತದೆ. ತೇವ ನೋಡಿ ಬೇಕಾದರೆ ಮತ್ತೆ ಒಣಗಿಸುತ್ತೇವೆ. ಹಲ್ಲರ್‌ನಲ್ಲಿ ಸಿಪ್ಪೆ ತೆಗೆಯುವುದು, ಪಾಲಿಶ್, ಆಮೇಲೆ ಜರಡಿಗಳಲ್ಲಿ ಗ್ರೇಡಿಂಗ್. ದೊಡ್ಡ ತೂತಿನ ಜರಡಿಯ ಮೇಲೆ ನಿಂತದ್ದು ಎಎ, ಅದಕ್ಕಿಂತ ಸಣ್ಣದು ಎ, ಬಿ, ಸಿ ಹೀಗೆ ಇಳಿಯುತ್ತದೆ. ಒಂಟಿ ದುಂಡುಬೀಜ ಪೀಬೆರಿ, ಅದು ಬೇರೆ. ಇಷ್ಟಾದ ಮೇಲೆ ಕೊನೆಗೆ ಗಾರ್ಬ್ಲಿಂಗ್. ಯಂತ್ರಕ್ಕೆ ಗಾತ್ರ, ತೂಕ ಗೊತ್ತಾಗುತ್ತಿತ್ತೇ ಹೊರತು ಬಣ್ಣ ಗೊತ್ತಾಗುತ್ತಿರಲಿಲ್ಲ, ಹಾಗಾಗಿ ಕಣ್ಣು ಬೇಕಿತ್ತು. ಗಾರ್ಬಲ್ ಮಾಡಿ ತೆಗೆದದ್ದಕ್ಕೆ ‘ಬಿಬಿಬಿ’ ಅಂತ ದರ್ಜೆ: ಬ್ಲ್ಯಾಕ್ಸ್, ಬ್ರೌನ್ಸ್, ಬಿಟ್ಸ್. ಅದೂ ಮಾರಾಟವಾಗುತ್ತದೆ.

ಈಗ ಕಲರ್ ಸಾರ್ಟರ್ ಯಂತ್ರ ಬಂದಿದೆ. ಬೀಜ ಧಾರೆಯಾಗಿ ಬೀಳುವಾಗ ಕ್ಯಾಮೆರಾ ಒಂದೊಂದನ್ನೂ ನೋಡಿ, ಬಣ್ಣ ಸರಿಯಿಲ್ಲದ್ದನ್ನು ಗಾಳಿಯ ಹೊಡೆತದಿಂದ ಪಕ್ಕಕ್ಕೆ ತಳ್ಳುತ್ತದೆ. ನೋಡಿ, ಯಂತ್ರ ಬಂದ ಕೂಡಲೇ ಪದವೂ ಬದಲಾಯಿತು. ಕೈಯಲ್ಲಿ ಮಾಡುವಾಗ ಗಾರ್ಬ್ಲಿಂಗ್, ಯಂತ್ರ ಮಾಡಿದರೆ ಸಾರ್ಟಿಂಗ್. ಒಳ್ಳೆಯ ಕಾಫಿಗೆ ಯಂತ್ರದ ಮೇಲೂ ಒಮ್ಮೆ ಕೈಯಲ್ಲಿ ಆರಿಸುವವರು ಇನ್ನೂ ಇದ್ದಾರೆ.

ದೀಪಾ, ಬಿ.ಫಾರ್ಮ, ದಾವಣಗೆರೆ

ನಮ್ಮ ಫಾರ್ಮಕಾಗ್ನಸಿ ಸಿಲೆಬಸ್ಸಿನಲ್ಲೂ ಇದೆ! ಔಷಧಿ ಸಸ್ಯ ಕೊಯ್ದು, ಒಣಗಿಸಿ, ಪ್ಯಾಕ್ ಮಾಡುವ ಮೊದಲಿನ ಹಂತಕ್ಕೆ ‘ಗಾರ್ಬ್ಲಿಂಗ್ ಅಥವಾ ಡ್ರೆಸ್ಸಿಂಗ್’ ಅಂತ ಹೆಸರು. ಮರಳು, ಮಣ್ಣು, ಅದೇ ಗಿಡದ ಬೇಡದ ಭಾಗ ತೆಗೆಯೋದು. ಲವಂಗದಲ್ಲಿ ತೊಟ್ಟು ನೂರಕ್ಕೆ ಐದಕ್ಕಿಂತ ಹೆಚ್ಚಿರಬಾರದು ಅನ್ನೋದು ಇದರ ಕೆಳಗೇ ಓದಿದ್ದು. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ, ಲಂಡನ್ನಿನ ಕಥೆ ಇವತ್ತು ಗೊತ್ತಾಯ್ತು.

ಹೆಗಡೆ, ಸಿರಸಿ

ಹಾಗಾದರೆ ಕನ್ನಡದಲ್ಲಿ ಏನು ಬರೆಯುವುದು? ‘ವಿಂಗಡಿಸು’ ಬೇಡ, ಅದು ಗ್ರೇಡ್ ಮಾಡುವುದಕ್ಕೆ ಇರಲಿ. ಕನ್ನಡಕ್ಕೆ ಈ ಕೆಲಸದಲ್ಲಿ ಬಡತನವೇ ಇಲ್ಲ. ಗಾಳಿಗೆ ಹಿಡಿದು ಬಿಟ್ಟರೆ ತೂರುವುದು. ಮೊರದಲ್ಲಿ ಕುಟ್ಟಿ ಹಾರಿಸಿದರೆ ಕೇರುವುದು. ರಂಧ್ರದಲ್ಲಿ ಇಳಿಸಿದರೆ ಜರಡಿ ಹಿಡಿಯುವುದು. ಬೆರಳಲ್ಲಿ ತೆಗೆದರೆ ಆರಿಸುವುದು, ಹೆಕ್ಕುವುದು. ನೀರಿನಲ್ಲಿ ತೊಳೆದು ಕಲ್ಲು ಉಳಿಸಿದರೆ ಗಾಳಿಸುವುದು. ಇಂಗ್ಲಿಷಿನ ಗಾರ್ಬಲ್ ಮೂಲದಲ್ಲಿ ಜರಡಿಯದಾದರೂ ಈಗ ಮೆಣಸಿನಲ್ಲಿ ತೂರುವುದು, ಕೇರುವುದು, ಜರಡಿ, ಆರಿಸುವುದು ನಾಲ್ಕೂ ಸೇರಿವೆ. ನಾಲ್ಕನ್ನೂ ಒಳಗೊಳ್ಳುವ ಪದ ಬೇಕು.

ಬಸವರಾಜ, ಧಾರವಾಡ

ಅದಕ್ಕ ನಮ್ಮ ಕಡೆ ಪದ ಐತಲ್ಲರೀ, ‘ಹಸನು ಮಾಡೋದು’. ಜ್ವಾಳ ಹಸನು ಮಾಡಿದ್ರು ಅಂದ್ರ ತೂರಿ, ಕೇರಿ, ಹಳ್ಳು ಆರಿಸಿ, ಎಲ್ಲಾ ಆಗೇತಿ ಅಂತ. ಹೆಂಗ ಮಾಡಿದ್ರಿ ಅನ್ನೂದು ಮುಖ್ಯ ಅಲ್ಲ, ಬ್ಯಾಡಾದ್ದು ಹೋಗೇತಿ ಅನ್ನೂದು ಮುಖ್ಯ. ‘ಹಸನು ಮಾಡಿದ ಮೆಣಸು’, ‘ಹಸನು ಮಾಡದ ಮೆಣಸು’. ಓದಿದ ರೈತಗ ಒಂದ ಸಲಕ್ಕ ತಿಳೀತೈತಿ.

ಪೊನ್ನಂಪೇಟೆ ತೋಟ

‘ಹಸನು’ ಚೆನ್ನಾಗಿದೆ, ನಮ್ಮಲ್ಲಿ ಅಷ್ಟು ಬಳಕೆ ಇಲ್ಲದಿದ್ರೂ ಅರ್ಥ ಆಗ್ತದೆ. ಆದ್ರೆ ‘ಗಾರ್ಬಲ್ಡ್’ ಪದ ಕೈಬಿಡಬೇಡಿ. ದರಪಟ್ಟಿಯಲ್ಲಿ, ಬಿಲ್ಲಿನಲ್ಲಿ, ಚೀಲದ ಮೇಲೆ ಇರೋದು ಅದೇ. ಕೈಪಿಡಿ ಓದಿ ‘ಹಸನು’ ಕಲಿತವರು ಮಂಡಿಗೆ ಹೋಗಿ ಪಟ್ಟಿ ನೋಡಿದ್ರೆ ಎರಡೂ ಒಂದೇ ಅಂತ ಗೊತ್ತಾಗಬೇಕಲ್ಲ.

ಇನ್ನೊಂದು ಬಹಳ ಮುಖ್ಯ. ‘ಅನ್‌ಗಾರ್ಬಲ್ಡ್’ ಅಂದ್ರೆ ಕಲಬೆರಕೆ ಅಲ್ಲ. ಅದರಲ್ಲಿ ಇರೋ ಕಡ್ಡಿ, ಜೊಳ್ಳು ನಮ್ಮದೇ ಬಳ್ಳಿಯದ್ದು. ಪಪ್ಪಾಯಿ ಬೀಜ ಸೇರಿಸೋದು ಕಲಬೆರಕೆ, ಅದು ಅಪರಾಧ. ಎರಡನ್ನೂ ಒಂದೇ ಪದದಲ್ಲಿ ಹೇಳಿದ್ರೆ ಪ್ರಾಮಾಣಿಕವಾಗಿ ಹಸನು ಮಾಡದ ಮಾಲು ತಂದ ಬೆಳೆಗಾರನ ಮರ್ಯಾದೆ ಹೋಗ್ತದೆ.

ಕಿರಣ್, ಬೆಂಗಳೂರು

ನನ್ನ ಕಡೆಯ ಅರ್ಥಕ್ಕೆ ಕನ್ನಡ ಏನು ಅಂತಲೂ ಯೋಚಿಸ್ತಿದ್ದೆ. ಅದಕ್ಕೂ ಒಂದೇ ಪದ ಸಾಲದು ಅನ್ಸುತ್ತೆ. ಹೇಳಿಕೆಯನ್ನ ಬೇಕೆಂದೇ ಗಾರ್ಬಲ್ ಮಾಡಿದ್ರೆ ‘ತಿರುಚು’. ಫೋನಿನ ಮಾತು ಗಾರ್ಬಲ್ ಆದ್ರೆ ಯಾರೂ ತಿರುಚಿಲ್ಲ, ‘ಒಡೆದು ಬರ್ತಿದೆ’ ಅಂತೀವಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕಡತವನ್ನ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದ್ರೆ ಕನ್ನಡದ ಬದಲು ಮೇಲೆ ಕೆಳಗೆ ಚುಕ್ಕಿ ಗೆರೆ ಇರೋ ರೋಮನ್ ಅಕ್ಷರಗಳ ಸಾಲು ಬರುತ್ತಲ್ಲ, ಇಂಗ್ಲಿಷಿನಲ್ಲಿ ಅದೂ ಗಾರ್ಬಲ್ಡ್ ಟೆಕ್ಸ್ಟ್. ಅಲ್ಲಿ ಒಳಗಿನ ದತ್ತಾಂಶ ಕೆಟ್ಟಿರೋದೇ ಇಲ್ಲ, ಯುನಿಕೋಡಿಗೆ ಪರಿವರ್ತಿಸಿದ್ರೆ ಅಷ್ಟೂ ವಾಪಸ್ ಬರುತ್ತೆ. ಅದಕ್ಕೆ ‘ಅಕ್ಷರ ಕಲಸಿಹೋಗಿದೆ’ ಅನ್ನೋದು ಸರಿ, ‘ವಿಕೃತ’ ಅಂದ್ರೆ ಜನ ಹೆದರಿ ಕಡತ ಅಳಿಸಿಬಿಡ್ತಾರೆ.

ಅಂದ ಹಾಗೆ ಮೇಷ್ಟ್ರೇ, ‘ಗಾರ್ಬೇಜ್’ ಇದರ ನೆಂಟನಾ?

ಇಂಗ್ಲಿಷ್ ಮೇಷ್ಟ್ರು, ಮೈಸೂರು

ನೆಂಟಸ್ತಿಕೆ ಖಚಿತವಾಗಿಲ್ಲ. ಗಾರ್ಬೇಜ್ ಮೊದಲಿಗೆ ಕೋಳಿ ಮುಂತಾದ ಹಕ್ಕಿಗಳ ಕರುಳು, ತಲೆ, ಕಾಲಿಗೆ ಹೇಳುತ್ತಿದ್ದ ಅಡುಗೆಮನೆಯ ಪದ. ಗಾರ್ಬಲ್ ಮಾಡಿ ಉಳಿದ ಕಸಕ್ಕೆ ‘ಗಾರ್ಬಲ್ಸ್’ ಎಂಬ ಬೇರೆ ಪದವೇ ಇತ್ತು.

ಬಂದರಿನವರು ‘ಬಳಕೆ ಎಲ್ಲಿ ತಪ್ಪಿದೆ’ ಎಂದು ಕೇಳಿದ್ದು ನ್ಯಾಯ. ಲಂಡನ್ನಿನಲ್ಲಿ ಆ ಹುದ್ದೆ ಹೋಯಿತು, ಪದದ ಅರ್ಥವೂ ಸರಿಯಿತು. ಆದರೆ ಮೆಣಸು ಕೊಳ್ಳಲು ಇಲ್ಲಿಗೆ ಬಂದ ಇಂಗ್ಲಿಷ್ ವರ್ತಕರ ವ್ಯಾಪಾರದ ಮಾತಿನಲ್ಲಿ ಹಳೆಯ ಅರ್ಥ ಹಾಗೇ ಉಳಿಯಿತು. ಕಾರವಾರದಲ್ಲಿ ಅವರ ವ್ಯಾಪಾರದ ಕೋಠಿ 17ನೇ ಶತಮಾನದಲ್ಲೇ ಇತ್ತು, ಮೆಣಸಿಗಾಗಿಯೇ. ತಲಶ್ಶೇರಿಯ, ಅಂದರೆ ಮೆಣಸಿನ ದರ್ಜೆಗೆ ಹೆಸರು ಕೊಟ್ಟ ತೆಲಿಚೇರಿಯ, ಕೋಟೆ 1708ರದ್ದು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಅದಕ್ಕೂ ಹಿಂದಿನ ಮಾತು. ಈ ಪದದ ಹಳೆಯ ಅರ್ಥಕ್ಕೆ ಇಂದು ಸಾಕ್ಷಿ ಬೇಕೆಂದರೆ ಲಂಡನ್ನಿನಲ್ಲಿ ಹುಡುಕುವುದಕ್ಕಿಂತ ಕೊಡಗಿನ ಕಣದಲ್ಲಿ, ಹುಣಸೂರಿನ ಶೆಡ್ಡಿನಲ್ಲಿ ಹುಡುಕುವುದು ಸುಲಭ. ಕನ್ನಡದ ನಿಘಂಟುಗಳು ಈ ಅರ್ಥವನ್ನು ಮೊದಲ ಸಾಲಿನಲ್ಲೇ ಕೊಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಲಂಡನ್ನಿನ ಓದುಗನಿಗೆ ಅದು ಇತಿಹಾಸ, ನಮ್ಮ ಓದುಗನಿಗೆ ಅದು ಕಿಲೋ ಬೆಲೆ.

ಶೈಲಜಾ, ಹಾಸನ

ಎಲ್ಲರ ಮಾತನ್ನೂ ಇಟ್ಟುಕೊಂಡು ಕೈಪಿಡಿಯ ಆ ಭಾಗವನ್ನು ಹೀಗೆ ಬರೆದಿದ್ದೇನೆ. ತಿದ್ದಿ.

‘ಚೆನ್ನಾಗಿ ಒಣಗಿದ ಮೆಣಸನ್ನು ತೂರಿ, ಕೇರಿ, ಜರಡಿ ಹಿಡಿದು, ಉಳಿದ ಕಡ್ಡಿ ಕಲ್ಲುಗಳನ್ನು ಕೈಯಿಂದ ಆರಿಸಿ ತೆಗೆಯುವುದಕ್ಕೆ ಹಸನು ಮಾಡುವುದು ಎನ್ನುತ್ತೇವೆ. ವ್ಯಾಪಾರದಲ್ಲಿ ಇದಕ್ಕೆ ಗಾರ್ಬ್ಲಿಂಗ್ ಎಂದು ಹೆಸರು. ಹಸನು ಮಾಡಿದ ಮೆಣಸು ದರಪಟ್ಟಿಯಲ್ಲಿ ಗಾರ್ಬಲ್ಡ್ ಎಂದೂ, ಹಸನು ಮಾಡದ ಮೆಣಸು ಅನ್‌ಗಾರ್ಬಲ್ಡ್ ಎಂದೂ ಇರುತ್ತದೆ. ಅನ್‌ಗಾರ್ಬಲ್ಡ್ ಎಂದರೆ ಕಲಬೆರಕೆ ಎಂದಲ್ಲ. ಹಸನು ಮಾಡಿದ ಮೆಣಸನ್ನು ಕಾಳಿನ ಗಾತ್ರಕ್ಕೆ ತಕ್ಕಂತೆ ಬೇರೆ ಬೇರೆ ಮಾಡುವುದು ವಿಂಗಡಣೆ, ಅಂದರೆ ಗ್ರೇಡಿಂಗ್.’

ಮಂಜುಳಾ ಅವರೇ, ‘ಕೈಯಿಂದ ಆರಿಸಿ’ ಎಂಬುದನ್ನು ನಿಮ್ಮ ಮಾತಿನ ಮೇಲೆ ಸೇರಿಸಿದ್ದು.

ಮಂಜುಳಾ, ಹುಣಸೂರು

ಅಮ್ಮನಿಗೆ ಓದಿ ಹೇಳಿದೆ. ‘ಕೇರೋದು ಮೊದಲು ಬರಲ್ಲ, ತೂರೋದು ಮೊದಲು, ಸರಿಯಾಗಿ ಬರೆದಿದ್ದಾರೆ’ ಅಂದ್ರು.

ಬಂದರು ವ್ಯಾಪಾರಿ, ಮಂಗಳೂರು

ಚೆನ್ನಾಗಿದೆ. ಎರಡು ಸಾಲು ಸೇರಿಸಿ ಶೈಲಜಾ ಮೇಡಂ. ತೆಗೆದ ಜೊಳ್ಳು, ಪುಡಿಕಾಳನ್ನು ಬಿಸಾಡದೆ ಬೇರೆ ಚೀಲದಲ್ಲಿ ತನ್ನಿ, ಅದಕ್ಕೂ ದರ ಇದೆ ಅಂತ. ಮತ್ತೆ ‘ಒಣಗಿದ’ ಅನ್ನುವಲ್ಲಿ ತೇವ ಹನ್ನೊಂದಕ್ಕಿಂತ ಕೆಳಗೆ ಅಂತ ಅಂಕಿ ಹಾಕಿ. ಹದಿಮೂರು, ಹದಿನಾಲ್ಕು ಇರುವ ಮೆಣಸನ್ನು ಎಷ್ಟು ಚೆಂದ ಹಸನು ಮಾಡಿ ತಂದರೂ ಚೀಲದೊಳಗೆ ಬೂಸ್ಟು ಹಿಡಿಯುತ್ತದೆ, ಗಾರ್ಬಲ್ಡ್ ದರ ಕೊಡಲು ಆಗುವುದಿಲ್ಲ.

ಶೈಲಜಾ, ಹಾಸನ

ಎರಡನ್ನೂ ಸೇರಿಸಿದೆ. ಈ ವಾರವೇ ಅಚ್ಚಿಗೆ ಕಳಿಸುತ್ತೇನೆ.